ರಕ್ತ ಮೊದಲೇ ಹೇಳಿದ ಸುದ್ದಿ

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಗಂಡ ಹೆಂಡತಿ ಸೇರಿ ನಡೆಸುವ ಹೊಲಿಗೆ ಅಂಗಡಿಯೊಂದಿದೆ. ಕತ್ತರಿ, ಮಷೀನು ಅವಳದು. ಕಾಜಾ, ಗುಂಡಿ, ಇಸ್ತ್ರಿ ಅವನದು. ಗಿರಾಕಿಗಳಿಗೆಲ್ಲ ಅವಳು ಟೈಲರಕ್ಕ. ಬೀಡಿ ಸಿಗರೇಟು ಮುಟ್ಟದ ಆ ಹೆಂಗಸಿಗೆ ಶ್ವಾಸಕೋಶದ ಕ್ಯಾನ್ಸರ್ ಬಂತು. ಗಡ್ಡೆಯಿದ್ದ ಭಾಗವನ್ನು ತೆಗೆದುಹಾಕಿದರು. ಕೆಮ್ಮು ನಿಂತಿತು, ಊಟ ಸೇರತೊಡಗಿತು. "ನನಗೇ ಆಲ್ಟ್ರೇಷನ್ ಮಾಡ್ಬಿಟ್ರು" ಎಂದು ಗಿರಾಕಿಗಳನ್ನು ನಗಿಸಿದಳು.

ಆಮೇಲೆ ಆಗಾಗ ಸ್ಕ್ಯಾನ್, ಜೊತೆಗೊಂದು ರಕ್ತಪರೀಕ್ಷೆ. ಒಂದು ಸಲ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ; ರಕ್ತ ಮಾತ್ರ ಬೇರೆಯೇ ಹೇಳಿತು.

"ಸ್ಕ್ಯಾನಲ್ಲೇ ಇಲ್ಲ ಅಂದ್ಮೇಲೆ ಇನ್ನೆಲ್ಲಿಂದ ಬಂತು ಡಾಕ್ಟ್ರೇ?" ಗಂಡ ಜಗಳಕ್ಕೇ ನಿಂತ.

ಡಾಕ್ಟರಮ್ಮ ಕುರ್ಚಿ ಹತ್ತಿರ ಎಳೆದುಕೊಂಡರು. "ಕ್ಯಾನ್ಸರ್ ಕೋಶಗಳು ಸತ್ತಾಗ ಅವುಗಳ ಡಿಎನ್‌ಎ ಚೂರುಗಳು ರಕ್ತಕ್ಕೆ ಸೇರ್ತವೆ. ಇವರ ಗಡ್ಡೆಯಲ್ಲಿದ್ದ ಗುರುತೇ ಈ ಚೂರುಗಳಲ್ಲೂ ಇದೆ. ಎಲ್ಲೋ ಸ್ವಲ್ಪ ಉಳಿದಿರಬೇಕು, ಸ್ಕ್ಯಾನಿಗೆ ಕಾಣೋಷ್ಟು ಬೆಳೆದಿಲ್ಲ. ಈಗಲೇ ಔಷಧಿ ಶುರು ಮಾಡಿದ್ರೆ ಒಳ್ಳೇದಾಗುತ್ತೆ ಅಂತ ನನಗೂ ಖಾತ್ರಿಯಿಲ್ಲ. ಬೇಗ ಇನ್ನೊಂದು ಸ್ಕ್ಯಾನ್ ಮಾಡಿ ನೋಡೋಣ."

ಆ ಕಾಯುವಿಕೆ ಇಬ್ಬರನ್ನೂ ಹಿಂಡಿಹಾಕಿತು. ಗಂಡ ಅವಳಿಗೆ ಕತ್ತರಿ ಎತ್ತಲೂ ಬಿಡುತ್ತಿರಲಿಲ್ಲ. ಒಂದು ದಿನ ಅವಳು ಕೆಮ್ಮಿದ್ದೇ ತಡ, ಇಸ್ತ್ರಿಪೆಟ್ಟಿಗೆಯನ್ನು ಅಂಗಿಯ ಮೇಲೆಯೇ ಬಿಟ್ಟು ಓಡಿಬಂದ. ಯಾರದೋ ಬಿಳಿ ಅಂಗಿಯ ಬೆನ್ನು ಸುಟ್ಟುಹೋಯಿತು.

"ರೀ, ನಾನಿನ್ನೂ ಇದ್ದೀನಿ! ಗಂಟಲಿಗೆ ನೂಲಿನ ಧೂಳು ಹೋದ್ರೆ ಗಿರಾಕಿ ಬಟ್ಟೆ ಸುಡ್ತೀರಲ್ಲ, ಏನಾಗಿದೆ ನಿಮಗೆ?"

ಅವನು ಸ್ಟೂಲಿನ ಮೇಲೆ ಕುಸಿದ. "ಬೈಯೇ, ಇನ್ನೂ ಬೈಯಿ. ನೀನು ಬೈದು ಎಷ್ಟು ದಿನ ಆಯ್ತು" ಎಂದ. ಕಣ್ಣು ತುಂಬಿತ್ತು. ಅವಳು ಅವನ ತಲೆಯನ್ನು ಅಪ್ಪಿಕೊಂಡಳು. "ನನಗೂ ಹೆದ್ರಿಕೆ ಆಗ್ತಿದೆ ಕಣ್ರೀ" ಎಂದು ಮೊದಲ ಸಲ ಬಾಯಿಬಿಟ್ಟಳು. ಮಾರನೆಯ ದಿನ ಅವನೇ ಕತ್ತರಿ ತಂದು ಅವಳ ಮುಂದಿಟ್ಟ.

ಮುಂದಿನ ಸ್ಕ್ಯಾನಿನಲ್ಲಿ ಎದೆಯ ನಡುವಿನ ಸಣ್ಣ ಗ್ರಂಥಿಯೊಂದು ಊದಿಕೊಂಡಿದ್ದು ಕಂಡಿತು. ಸೂಜಿ ಹಾಕಿ ಅದರ ಚೂರು ತೆಗೆದು ಪರೀಕ್ಷಿಸಿದರು, ಅದೇ ಕಾಯಿಲೆ. ಬೇರೆಲ್ಲೂ ಹರಡಿರಲಿಲ್ಲ. ವಿಕಿರಣ ಕೊಟ್ಟರು, ಔಷಧಿ ಕೊಟ್ಟರು. ನೀರು ನುಂಗುವುದೂ ಕಷ್ಟವಾಗಿ ಅವಳು ಸೊರಗಿ ಕಡ್ಡಿಯಾದಳು. ಸಡಿಲವಾದ ಅವಳ ಬಟ್ಟೆಗಳನ್ನು ಅವನೇ ಹಿಡಿದು ಹೊಲಿದ, ಸೊಟ್ಟಪಟ್ಟ. ಅವಳು ಒಂದು ಹೊಲಿಗೆಯನ್ನೂ ಬಿಚ್ಚದೆ ಹಾಗೇ ತೊಟ್ಟಳು.

ಚಿಕಿತ್ಸೆ ಮುಗಿದ ಮೇಲೆ ರಕ್ತದಲ್ಲಿ ಆ ಚೂರುಗಳು ಸಿಗಲಿಲ್ಲ.

"ಗುಣ ಆಯ್ತಾ?"

"ಹಾಗನ್ನೋಕೆ ಆಗಲ್ಲಮ್ಮ. ಸದ್ಯಕ್ಕೆ ಕಾಣ್ತಿಲ್ಲ. ನೋಡ್ತಾ ಇರೋಣ."

"ಸದ್ಯಕ್ಕೆ ಅಷ್ಟು ಸಾಕು ಬಿಡಿ."

ಆಸ್ಪತ್ರೆಯಿಂದ ನಡೆದೇ ಹೊರಟರು. ಏರುದಾರಿಯಲ್ಲಿ ಅವಳಿಗೆ ಏದುಸಿರು ಬಂತು. ಅವನು ತಟ್ಟನೆ ಬಗ್ಗಿ ಚಪ್ಪಲಿಯ ಪಟ್ಟಿ ಬಿಗಿಮಾಡತೊಡಗಿದ. "ಒಂದ್ನಿಮಿಷ ಇರೇ, ಹಾಳಾದ್ದು, ಬಿಚ್ಕೊಂತು." ಪಟ್ಟಿಗೇನೂ ಆಗಿರಲಿಲ್ಲ. ಅವನ ಹೆಗಲ ಮೇಲೆ ಕೈಯೂರಿ, ಉಸಿರು ಹತೋಟಿಗೆ ಬರುವವರೆಗೆ ಅವಳು ನಿಂತಳು.

"ನಿಧಾನಕ್ಕೆ ಹಾಕ್ಕೊಳ್ಳಿ" ಎಂದಳು.