ಅಕ್ಕನ ಮಾಳಿಗೆಗೆ ನಾನು ಹಾಕಿದ ಸಿಮೆಂಟು

ಕಟ್ಟಿಗೆಯ ವಿಷಯದಲ್ಲಿ ನನಗೆ ಎದುರಾಡುವವರು ಭಾಗ್ಯನಗರದಲ್ಲಿ ಯಾರೂ ಇಲ್ಲ. ಜಂಬ ಅಂದರೆ ಜಂಬವೇ ಇರಲಿ. ಮೂವತ್ತು ವರ್ಷ ಉಳಿ ಹಿಡಿದ ಕೈ ಇದು. ತೇಗವೋ ಬೇವೋ ಎಂದು ಮರದ ಹೊಟ್ಟು ಮೂಸಿಯೇ ಹೇಳುತ್ತೇನೆ. ಅಂಥ ನಾನು ಒಂದು ಮನೆ ಕೆಡಿಸಿದೆ. ಅದೂ ಒಡಹುಟ್ಟಿದ ಅಕ್ಕನ ಮನೆ.

ಯಲಬುರ್ಗಾ ಕಡೆಯ ಹಳ್ಳಿಯಲ್ಲಿ ಅಕ್ಕನದು ಹಳೆಯ ಜಂತಿ ಮನೆ. ನೋಡಿದವರು ಮಣ್ಣಿನ ಮನೆ ಎನ್ನುತ್ತಾರೆ. ನನಗೆ ಸಿಟ್ಟು ಬರುತ್ತದೆ. ಅದು ಕಟ್ಟಿಗೆಯ ಮನೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ಮಣ್ಣು ಹರಡಿದ ಮಾಳಿಗೆ. ಗೋಡೆಯೊಳಗೂ ಕಂಬಗಳು ಅಡಗಿವೆ. ಗೋಡೆ ಇರುವುದು ಗಾಳಿಗೆ, ಕಳ್ಳರಿಗೆ ಅಡ್ಡವಾಗಿ ಅಷ್ಟೇ. ಭಾರ ಹೊರುವುದು ಕಟ್ಟಿಗೆ.

ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಸವಳು ಮಣ್ಣು ಹಾಕಬೇಕು. ಅದು ಮಳೆ ಬಂದರೆ ಬಿಗಿದುಕೊಳ್ಳುತ್ತದೆ, ಬಿಸಿಲು ಬಂದರೆ ಒಣಗುತ್ತದೆ. ಅರವತ್ತು ದಾಟಿದ ಅಕ್ಕ ಮಣ್ಣಿನ ಬುಟ್ಟಿ ಹೊತ್ತು ಏಣಿ ಹತ್ತುವುದನ್ನು ಕಂಡು ನನಗೆ ಕರುಳು ಚುರ್ರೆಂದಿತು.

"ಇನ್ನ ಸಾಕು. ಸಿಮೆಂಟ್ ಹಾಕಸ್ತೀನಿ, ನೀ ಮ್ಯಾಲ ಹತ್ತೂದ ಬ್ಯಾಡ" ಎಂದೆ.

"ಮಣ್ಣಿನ ಮ್ಯಾಲ ಸಿಮೆಂಟ್ ಕೂಡ್ತೈತೇನೋ ತಮ್ಮಾ?"

"ನನಗ ಹೇಳಿಕೊಡ್ತೀ ಏನ?" ಎಂದು ರೇಗಿ, ಒಂದೇ ದಿನದಲ್ಲಿ ಹಾಕಿಸಿಬಿಟ್ಟೆ.

ಎರಡು ಮಳೆಗಾಲ ಒಂದು ಹನಿ ಸೋರಲಿಲ್ಲ. ನಾನು ಊರೆಲ್ಲ ಹೇಳಿಕೊಂಡು ಬೀಗಿದೆ. ಆಮೇಲೊಂದು ದಿನ ಪಡಸಾಲೆಯಲ್ಲಿ ಚಹಾ ಕುಡಿಯುತ್ತಾ ಸುಮ್ಮನೆ ತಲೆ ಎತ್ತಿದರೆ, ನಡುತೊಲೆ ಗೋಡೆ ಸೇರುವಲ್ಲಿ ಕಪ್ಪಗಾಗಿತ್ತು. ಏಣಿ ಹಾಕಿ ಬೆರಳಿನಿಂದ ಒತ್ತಿದೆ. ಅಯ್ಯೋ ಶಿವನೇ, ಬೆರಳು ಒಳಗೇ ಹೋಯಿತು! ಸಿಮೆಂಟಿನ ಬಿರುಕಿನಲ್ಲಿ ಇಳಿದ ನೀರು ಆರಲು ದಾರಿಯಿಲ್ಲದೆ ಮಣ್ಣಿನಲ್ಲೇ ನಿಂತು, ಮೆಲ್ಲಗೆ ತೊಲೆಯನ್ನು ತಿಂದಿತ್ತು.

"ಕೆಡವಿಬಿಡೂಣು ಮಾಮಾ, ಸ್ಲ್ಯಾಬ್ ಹಾಕೂಣು" ಎಂದ ಅಕ್ಕನ ಮಗ.

ಅಕ್ಕ ಪಡಸಾಲೆಯ ಕಂಬ ಹಿಡಿದು ನಿಂತಳು. "ನಾ ಇರೂತನಕ ಇದನ್ನ ಕೆಡವಾಕ ಬಿಡಂಗಿಲ್ಲ." ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ.

"ಎಂಟು ದಿನ ಕೊಡ್ರಿ, ತೊಲಿ ನಾನ ಬದಲಿಸ್ತೀನಿ" ಎಂದೆ.

ಸಿಮೆಂಟು ಒಡೆಸಿ ಮಣ್ಣಿಳಿಸಿದೆ. ಜಂತಿಗಳ ಕೆಳಗೆ ಆಸರೆಗೆ ಕಟ್ಟಿಗೆ ನಿಲ್ಲಿಸಿ, ಗೋಡೆಯ ಮೂಲೆ ಬಿಚ್ಚಿ, ಕೊಳೆತ ತೊಲೆಯನ್ನು ಹೊರಗೆಳೆದೆ. ಗಂಗಾವತಿಯಲ್ಲಿ ಕೆಡವಿದ ಮನೆಯೊಂದರಿಂದ ಹಳೆಯ ತೇಗದ ತೊಲೆ ತಂದು ಕೂರಿಸಿದೆ. ಮಾಳಿಗೆಗೆ ಮತ್ತೆ ಸವಳು ಮಣ್ಣೇ ಬಿತ್ತು.

ನಮ್ಮ ಬಡಿಗರ ಮನೆತನದಲ್ಲೊಂದು ಪದ್ಧತಿಯಿದೆ. ಆಸರೆ ತೆಗೆಯುವಾಗ ತೊಲೆ ಕೂರಿಸಿದವನು ಅದರ ಕೆಳಗೇ ನಿಲ್ಲಬೇಕು, ಉಳಿದವರೆಲ್ಲ ಅಂಗಳದಲ್ಲಿರಬೇಕು. ನಾನು ನಿಂತೆ. ಆಸರೆಗಳಿಗೆ ಕಟ್ಟಿದ ಹಗ್ಗ ಹಿಡಿದು ಇಬ್ಬರು ಆಳುಗಳು ಬಾಗಿಲಾಚೆ ಕಾದಿದ್ದರು. ಆಗ ಅಕ್ಕ ಸರಸರ ಒಳಗೆ ಬಂದು ನನ್ನ ಪಕ್ಕದಲ್ಲೇ ನಿಂತುಬಿಟ್ಟಳು.

"ಹೊರಗ ಹೋಗಕ್ಕಾ!" ಎಂದು ಕಿರುಚಿದೆ.

"ನೀ ಸಿಮೆಂಟ್ ಹಾಕಿಸಿದ ಮ್ಯಾಲ ಎರಡು ವರ್ಷ ಆ ಕೊಳೆತ ತೊಲಿ ಕೆಳಗ ಮಲಗೀನಿ" ಎಂದಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾ. "ಇವತ್ತ ಯಾಕ ಹೊರಗ ನಿಲ್ಲಲಿ? ಏ, ಎಳೀರೋ ಹಗ್ಗ!"