ದಿಗ್ಗೇವಾಡಿಯ ಬಾಗಿದ ಒಡ್ಡು

ಇದನ್ನು ಹೇಳದೆ ಬಹಳ ವರ್ಷ ಮುಂದೂಡಿದೆ. ಕಾಗವಾಡದ ಆಚೆಯ ಬಯಲಿನಲ್ಲಿ ನಮ್ಮೂರನ್ನು ಮೇಲಿಂದ ನೋಡಲೆಂದು ಎರಡೇ ಸೀಟಿನ ಪುಟ್ಟ ವಿಮಾನ ಹತ್ತುವ ಮೊದಲು, ಕಬ್ಬಿನ ಗಾಡಿಯಂತೆ ನನ್ನನ್ನೂ ತೂಗಿದರು. ಪಕ್ಕದಲ್ಲಿ ವಿಮಾನ ಹಾರಿಸುವುದನ್ನು ಕಲಿಸುವ ಹುಡುಗಿ. ದಿಗ್ಗೇವಾಡಿಯ ಮೇಲೆ ಬಂದಾಗ ನನ್ನ ಹೊಲ ತೋರಿಸಿದೆ.

“ಎಲ್ಲಾರ ಒಡ್ಡು ನೆಟ್ಟಗ ಅದಾವ. ನಿಮ್ದೊಂದ ಕುಡಗೋಲಿನ್ಹಂಗ ಯಾಕ ಬಾಗೇತ್ರಿ, ಅಜ್ಜಾರ?” ಎಂದು ನಕ್ಕಳು.

“ಮೊದ್ಲ ಅಲ್ಲಿ ಹಳ್ಳ ಇತ್ತವಾ.”

ಹಳ್ಳ ಎಂದೂ ಇರಲಿಲ್ಲ. ತುದಿಯ ಗಡಿಕಲ್ಲುಗಳನ್ನು ಮುಟ್ಟದೆ, ನಡುವಿನ ಒಡ್ಡನ್ನು ಪ್ರತಿವರ್ಷ ಒಂದೊಂದು ಸಾಲು ಪಕ್ಕದ ಹೊಲದೊಳಕ್ಕೆ ಉತ್ತು ಸರಿಸಿದ್ದೆ. ನೆಲದ ಮೇಲೆ ನಿಂತವರಿಗೆ ಅದು ಕಾಣುತ್ತಿರಲಿಲ್ಲ. ಆ ಹೊಲದವನು ಕೇಳಿದಾಗ ಊರ ಮುಂದೆ ಅವನನ್ನೇ ಸುಳ್ಳ ಅಂದೆ. ಅವನು ಸಾಯುವವರೆಗೂ ನಾನು ತಪ್ಪಾಯಿತು ಅನ್ನಲಿಲ್ಲ.

“ಇನ್ನೊಂದ ಸುತ್ತ ಹೊಡಿಯವಾ,” ಎಂದೆ. ಆ ಸುತ್ತಿನಲ್ಲಿ ಹುಡುಗಿಗೆ ನಿಜ ಹೇಳಿದೆ. ಅವಳು ನಗಲಿಲ್ಲ.

“ಆ ಕಡೆ ಹೊಲಾ ಯಾರ್ದರಿ?”

“ಭರಮಪ್ಪಂದು. ಒಡ್ಡಿನ ಈ ಕಡೀದೂ ಒಂದಿಷ್ಟ ಭರಮಪ್ಪಂದ.”