ಚಾವಣಿಯ ಮೇಲಿನ ಬೀದಿ

ಹೊರಗೆ ಥಳುಕು, ಒಳಗೆ ಹುಳುಕು ಎನ್ನುತ್ತಾರಲ್ಲ, ನಮ್ಮ ಕಟ್ಟಡದ ಮೇಲೆ ಆ ಅಪವಾದ ಹೊರಿಸುವಂತಿಲ್ಲ. ಅದಕ್ಕೆ ಎರಡೂ ಕಡೆ ಹುಳುಕೇ. ಲಿಫ್ಟು ಕೆಟ್ಟು ಯಾವ ಕಾಲವಾಯಿತೋ. ಈಗ ಅದರ ಕಂಬಿಬಾಗಿಲು ಬಟ್ಟೆ ಒಣಹಾಕಲು ಅನುಕೂಲ. ಮೂರನೆಯ ಮಹಡಿಯಲ್ಲಿ ನನ್ನ ಎದುರು ಮನೆಯವರು ಕಾಜಾ ದೊಡ್ಡಮ್ಮ. ಆಯುಷ್ಯವಿಡೀ ದರ್ಜಿ ಅಂಗಡಿಗಳಿಗೆ ಅಂಗಿ, ಕೋಟುಗಳ ಕಾಜಾ ಹೊಲಿದುಕೊಟ್ಟವರು. ಗುಂಡಿ ತೂರಲು ಎಷ್ಟು ಬೇಕೋ ಅಷ್ಟೇ ತೂತು, ಒಂದೆಳೆ ಹೆಚ್ಚಿಲ್ಲ. ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದ ಮೇಲೆ ಅವರಿಗೆ ಹಾಸಿಗೆಯೇ ಊರಾಯಿತು.

ಒಂದು ಮಧ್ಯಾಹ್ನ ಊಟ ಕೊಡಲು ಹೋದಾಗ ಬಾಗಿಲು ಮುಚ್ಚಿ ತಲೆಯೆತ್ತಿ ನೋಡೆಂದರು. ಕಿಟಕಿಯ ಒಡೆದ ಗಾಜಿನ ಜಾಗಕ್ಕೆ ತಗಡು ಬಡಿದಿದ್ದರಿಂದ ಕೋಣೆ ಕತ್ತಲೆ. ತಗಡಿನಲ್ಲಿ ಮೊಳೆ ಕಿತ್ತುಹೋದ ಒಂದು ತೂತು. ಅದರಿಂದ ಬಂದ ಬೆಳಕಿನಲ್ಲಿ, ನೀರು ಸೋರಿ ಕಲೆಗಟ್ಟಿದ ಚಾವಣಿಯ ಮೇಲೆ, ಕೆಳಗಿನ ಬೀದಿ ನಡೆಯುತ್ತಿತ್ತು! ಮಬ್ಬುಮಬ್ಬಾಗಿ, ತಲೆಕೆಳಗಾಗಿ, ಆದರೆ ಬಣ್ಣಬಣ್ಣವಾಗಿ. ಹಣ್ಣಿನ ಗಾಡಿ ಸಾಗಿತು. ಕೆಂಪು ಛತ್ರಿಯೊಂದು ತೇಲಿಹೋಯಿತು. ನಾನು ದಿನವೂ ಗೊಣಗಿಕೊಂಡು ದಾಟುವ ಬೀದಿ ಅದೇ. ಊಟದ ತಟ್ಟೆ ಕೈಯಲ್ಲೇ ಉಳಿಯಿತು.

ದೊಡ್ಡಮ್ಮನ ಮಗಳು ಇಸ್ತ್ರಿ ಅಂಗಡಿಯ ಕೆಲಸಕ್ಕೆ ಬೆಳಕು ಹರಿಯುವ ಮೊದಲೇ ಹೋಗಿ, ಕತ್ತಲಾದ ಮೇಲೆ ಬರುವವಳು. ಅವಳಿಗೆ ಇದು ಗೊತ್ತಿರಲಿಲ್ಲ. ದೊಡ್ಡಮ್ಮನೂ ಹೇಳಿರಲಿಲ್ಲ.

"ಚಾವಣಿ ಮೇಲೆ ಜನ ಓಡಾಡ್ತಾರೆ ಅಂದ್ರೆ ಅರಳು ಮರಳು ಅಂತಾಳೆ," ಎಂದರು.

ಆ ಮಗಳು ಅಮ್ಮ ಕತ್ತಲಲ್ಲಿ ಕೊಳೆಯಬಾರದೆಂದು ತಗಡು ಕೀಳಿಸಿ ಹೊಸ ಗಾಜು ಹಾಕಿಸಿದಳು. ಕೋಣೆ ತುಂಬ ಬಿಸಿಲು, ಬೀದಿ ಮಾಯ. ಮಲಗಿದಲ್ಲಿಂದ ಗಾಜಿನಾಚೆ ಕಾಣುವುದು ಬರೀ ಬಿಳಿ ಆಕಾಶ. ಅಷ್ಟು ಪ್ರೀತಿಯಿಂದ ಮಾಡಿಸಿದ್ದನ್ನು ಬೇಡ ಎನ್ನುವುದು ಹೇಗೆ? ದೊಡ್ಡಮ್ಮ ಚೆನ್ನಾಗಿದೆ ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಊಟ ಅರ್ಧಕ್ಕಿಳಿಯಿತು. ಮಗಳು ನನ್ನ ಬಾಗಿಲಿಗೆ ಬಂದು, ಡಾಕ್ಟರನ್ನು ಕರೆಸೋಣವೇ ಎಂದು ಅತ್ತಳು. ನನಗೆ ಉಗುಳುವಂತಿಲ್ಲ, ನುಂಗುವಂತಿಲ್ಲ.

ಮರುದಿನ ದೊಡ್ಡಮ್ಮನ ಮುಂದೆ ಕೂತು, ನೀವು ಹೇಳುತ್ತೀರೋ ನಾನು ಹೇಳಲೋ ಎಂದೆ. ಹೇಳುವುದು ಬೇಡ, ತೋರಿಸೋಣ ಎಂದರು. ಆಮೇಲೆ ಟ್ರಂಕಿನಿಂದ ಕೋಟಿನ ಕಪ್ಪು ಬಟ್ಟೆ ತೆಗೆಸಿ, ಅದನ್ನು ಎರಡು ಪದರ ಮಾಡಿ, ಮಲಗಿಕೊಂಡೇ ನಡುವೆ ಒಂದು ಪುಟ್ಟ ದುಂಡು ಕಾಜಾ ಹೊಲಿದರು. ಅಂದಿನಂತೆಯೇ, ಒಂದೆಳೆ ಹೆಚ್ಚಿಲ್ಲ.

ಮಗಳ ರಜೆಯ ದಿನ ಆ ಬಟ್ಟೆಯನ್ನು ಗಾಜಿಗೆ ಬಿಗಿಯಾಗಿ ಕಟ್ಟಿದೆ. ಬೀದಿ ಮರಳಿ ಬಂತು, ಮೊದಲಿಗಿಂತ ನಿಚ್ಚಳವಾಗಿ. ಮಗಳು ತಲೆಯೆತ್ತಿ ನೋಡಿದಳು. ನೋಡುತ್ತ ನೋಡುತ್ತ ನೆಲದ ಮೇಲೆ ಕೂತಳು. ಆಮೇಲೆ ಎದ್ದು, ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಳಿದು ಓಡಿದಳು.

ಸ್ವಲ್ಪ ಹೊತ್ತಿಗೆ ಚಾವಣಿಯಲ್ಲಿ ಅವಳ ಹಳದಿ ಬಟ್ಟೆ ಕಾಣಿಸಿತು. ಬೀದಿಯ ನಡುವೆ ನಿಂತು ಎರಡೂ ಕೈ ಬೀಸಿದಳು. ಗಾಡಿಗಳು ಸುತ್ತುಹಾಕಿಕೊಂಡು ಹೋದವು. ದೊಡ್ಡಮ್ಮ ಹಾಸಿಗೆಯಿಂದ ಕೈಯೆತ್ತಿ ಚಾವಣಿಗೆ ಬೀಸಿದರು.

ಮಗಳು ಏದುಸಿರು ಬಿಡುತ್ತ ಬಂದು ಕಂಡೆನಾ ಎಂದು ಕೇಳಿದಳು.

ದೊಡ್ಡಮ್ಮನ ಕಣ್ಣು ಇನ್ನೂ ಮೇಲೆಯೇ ಇತ್ತು. "ಇಷ್ಟು ದಿನ ಎಲ್ಲರೂ ಅವರವರ ಪಾಡಿಗೆ ಹೋಗ್ತಿದ್ರು ಕಣೇ," ಎಂದರು. "ಇವತ್ತು ಒಬ್ಳು ನಿಂತು ನನ್ನ ಕಡೆ ನೋಡಿದ್ಳು."